ಹನ್ನೆರಡು ಚೀಲಗಳ ವನವಿಹಾರ

ಹನ್ನೊಂದು ವರ್ಷ ಸಂಸಾರ ಮಾಡಿಯೂ ಅತ್ತೆಯ ಬಾಯಿಂದ ಒಂದು ಸಲ "ಪರವಾಗಿಲ್ಲ" ಅನ್ನಿಸಿಕೊಳ್ಳಲಾಗಲಿಲ್ಲವಲ್ಲ ಎಂಬುದೇ ಸ್ಯಾಂಪಲ್ ಸಾಹೇಬರ ಏಕೈಕ ದುಃಖ. ಇದೂ ಒಂದು ದುಃಖವೇ ಎಂದು ನೀವು ಮೂಗು ಮುರಿಯಬಹುದು. ಆದರೆ ಅತ್ತೆ ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು. ಭೇಷ್, ಶಹಬ್ಬಾಸ್ ಮುಂತಾದ ಅಗ್ಗದ ಪದಗಳು ಅವರ ನಾಲಿಗೆಗೆ ಹತ್ತುವುದಿಲ್ಲ. ಇಡೀ ಶಾಲೆಗೇ ಮೊದಲು ಬಂದ ಹುಡುಗಿಯ ಬೆನ್ನು ತಟ್ಟಿಯೂ ಅವರು ಅಂದದ್ದು "ಪರವಾಗಿಲ್ಲ" ಎಂದೇ. ಅದಕ್ಕಿಂತ ಮೇಲಿನ ಪದವಿ ಅವರ ಬಳಿ ಇರಲಿಲ್ಲ. ಅಳಿಯನಿಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಬರೀ "ಹೂಂ". ಮನೆಗೆ ಬಣ್ಣ ಬಳಿಸಿದಾಗ ಹೂಂ, ಪ್ರಯೋಗಾಲಯದ ಮುಖ್ಯಸ್ಥರಾದಾಗ ಹೂಂ. ಮಗಳು ಹುಟ್ಟಿದಾಗ ಮಾತ್ರ ಸ್ವಲ್ಪ ಉದ್ದವಾಗಿ, "ಹೂಂ, ಸದ್ಯ, ಮೂಗು ನಮ್ಮ ಕಡೆಯದು" ಅಂದಿದ್ದರು.

ಸಾಹೇಬರದು ತಪಾಸಣೆಯ ಪ್ರಯೋಗಾಲಯ, ಸ್ಯಾಂಪಲ್ ಎಂಬ ಅಡ್ಡಹೆಸರು ಬಂದದ್ದೂ ಅಲ್ಲಿಂದಲೇ. ಊರಿನ ಅರ್ಧ ಜನರ ರಕ್ತ, ಮೂತ್ರ, ಇತ್ಯಾದಿ (ಈ ಇತ್ಯಾದಿಯೇ ನಮ್ಮ ಕಥಾವಸ್ತು) ಅವರ ಮೇಜನ್ನು ಹಾದುಹೋಗಬೇಕು. ಹೆಸರು, ವಯಸ್ಸು, ದಿನಾಂಕ, ವೇಳೆ ಬರೆದ ಲೇಬಲ್ ಅಂಟಿಸದ ವಸ್ತುವನ್ನು ಅವರು ಮುಟ್ಟುವುದಿಲ್ಲ. ಈ ಚಾಳಿ ಮನೆಗೂ ಹಬ್ಬಿತ್ತು. ಫ್ರಿಜ್ಜಿನಲ್ಲಿ "ಹಾಲು, ಮಂಗಳವಾರ, ಬೆಳಿಗ್ಗೆ ಏಳು ಹತ್ತು", ಅದರ ಪಕ್ಕದಲ್ಲಿ "ಅರ್ಧ ನಿಂಬೆಹಣ್ಣು, ಉಳಿದರ್ಧ ಬಳಕೆಯಾಗಿದೆ". ಊಟಕ್ಕೆ ಮೊದಲು ಎಲ್ಲರೂ ಸೋಪು ಹಚ್ಚಿ ಇಪ್ಪತ್ತರವರೆಗೆ ಎಣಿಸುತ್ತಾ ಕೈ ತೊಳೆಯಬೇಕು. ಹೊರಗಡೆ ಹೆಚ್ಚಿಟ್ಟ ಹಣ್ಣು ಮುಟ್ಟುವುದಂತೂ ಆ ಮನೆಯಲ್ಲಿ ಘೋರಾಪರಾಧ. ಶಾಲೆಯ ಗೇಟಿನ ಗಾಡಿಯಲ್ಲಿ ಎರಡು ಹೋಳು ತಿಂದ ತಪ್ಪಿಗೆ ಒಂಬತ್ತು ವರ್ಷದ ಮಗಳು ಒಂದು ವಾರ ಉಪದೇಶ ಕೇಳಿದ್ದಳು. (ಸಂಜೆ ನಾಲ್ಕಕ್ಕೆ ಪ್ರಯೋಗಾಲಯದ ಹಿಂದಿನ ಓಣಿಯಲ್ಲಿ ನಿಲ್ಲುವ ತಳ್ಳುಗಾಡಿಯ ಮುಂದೆ ಸಾಹೇಬರು ದಿನಾ ಒಂದು ತಟ್ಟೆ ಅನಾನಸ್ ಹೋಳು ಖಾಲಿ ಮಾಡುತ್ತಿದ್ದರೆಂಬುದು ನಮ್ಮ ನಿಮ್ಮ ನಡುವೆಯೇ ಇರಲಿ.)

ಹೆಂಡತಿ ಅಂಚೆ ಕಚೇರಿಯ ಪಾರ್ಸಲ್ ಕೌಂಟರಿನಲ್ಲಿ ಕೆಲಸಕ್ಕಿದ್ದಾಕೆ. ಕಟ್ಟಿದ, ವಿಳಾಸ ಬರೆದ ಯಾವುದೇ ಪೆಟ್ಟಿಗೆ ಕಣ್ಣೆದುರು ಸುಮ್ಮನೆ ಬಿದ್ದಿದ್ದರೆ ಆಕೆಗೆ ಅನ್ನ ಸೇರುವುದಿಲ್ಲ, ಕಳಿಸಿಯೇ ಸಿದ್ಧ. ಗಂಡನ ಲೇಬಲ್, ಹೆಂಡತಿಯ ರವಾನೆ ಎರಡೂ ಒಂದೇ ಮನೆಯಲ್ಲಿ ಇಷ್ಟು ವರ್ಷ ಡಿಕ್ಕಿ ಹೊಡೆಯದೆ ಬದುಕಿದ್ದೇ ಆಶ್ಚರ್ಯ.

ಬೇಸಿಗೆ ರಜೆಯಲ್ಲಿ ಸಾಹೇಬರಿಗೆ ಒಂದು ದಿವ್ಯವಾದ ಯೋಚನೆ ಹೊಳೆಯಿತು. ಊರಿನಿಂದ ಮೂರು ತಾಸಿನ ದಾರಿಯಲ್ಲಿ ಒಂದು ಬೋಳು ಗುಡ್ಡ. ಕರೆಂಟಿಲ್ಲ, ನಲ್ಲಿಯಿಲ್ಲ, ಅಂಗಡಿಯಿಲ್ಲ. ಅಲ್ಲಿ ಡೇರೆ ಹಾಕಿ ಎರಡು ರಾತ್ರಿ ಪ್ರಕೃತಿಯ ಮಡಿಲಲ್ಲಿ ಇದ್ದುಬರುವುದು. ಊಟದ ಮೇಜಿನಲ್ಲಿ ಅವರು ಅರ್ಧ ಗಂಟೆ ಸೂರ್ಯೋದಯ, ತಂಗಾಳಿ, ನಿಶ್ಶಬ್ದಗಳ ವರ್ಣನೆ ಮಾಡಿದರು. ಎಲ್ಲ ಕೇಳಿ ಅತ್ತೆ ಒಂದೇ ಒಂದು ಪದ ಕೇಳಿದರು.

"ಬೆಳಿಗ್ಗೆ?"

ಸಾಹೇಬರು ಕಾಯುತ್ತಿದ್ದುದು ಇದೇ ಪ್ರಶ್ನೆಗೆ. ಬೇರೆ ಯಾವ ವಿಷಯದಲ್ಲಾದರೂ ಅವರು ನಪಾಸಾಗಬಹುದು. ಆದರೆ ಈ ಒಂದು ವಿಷಯದಲ್ಲಿ ತನ್ನನ್ನು ಮೀರಿಸುವವರು ಊರಿನಲ್ಲೇ ಇಲ್ಲ ಎಂಬ ನಂಬಿಕೆ ಅವರದು. ಅತ್ತೆಯ "ಪರವಾಗಿಲ್ಲ" ಇನ್ನೆಲ್ಲಿಗೆ ಹೋದೀತು?

"ಅದನ್ನ ನನಗೆ ಬಿಟ್ಟುಬಿಡಿ ಅತ್ತೆ" ಎಂದರು.

"ನಿಮಗೆ ಬಿಟ್ಟಿದ್ದಕ್ಕೇ ಕೇಳ್ತಿರೋದು" ಎಂದರು ಅತ್ತೆ.

ಗುಡ್ಡದ ಬುಡದ ಗೇಟಿನಲ್ಲಿ ಒಬ್ಬ ಅರಣ್ಯ ರಕ್ಷಕಿ ಇದ್ದಳು. ನಗುವುದು ನಿಯಮದಲ್ಲಿ ಇಲ್ಲವೇನೋ ಎಂಬ ಮುಖ. ಮಣ್ಣಿರುವ ಕಡೆಯಾದರೆ ಗೇಣುದ್ದದ ಗುಂಡಿ ತೋಡಿ ಮುಚ್ಚಿದರೆ ಸಾಕು, ಆದರೆ ಇದು ಬರೀ ಬಂಡೆ, ಇಲ್ಲಿ ಬಿಟ್ಟಿದ್ದು ಇಂಗುವುದೂ ಇಲ್ಲ ಕೊಳೆಯುವುದೂ ಇಲ್ಲ, ಮೊದಲ ಮಳೆಗೆ ಕೆಳಗಿನ ಕೆರೆ ಸೇರುತ್ತದೆ, ಮೂರು ಹಳ್ಳಿಯವರು ಆ ನೀರನ್ನೇ ಕುಡಿಯುತ್ತಾರೆ ಎಂದು ಪಾಠ ಒಪ್ಪಿಸಿದಳು. ಆಮೇಲೆ ಆಳಿಗೆ ಮೂರರಂತೆ ಹನ್ನೆರಡು ಗಟ್ಟಿ ಚೀಲ, ಒಂದು ಪೊಟ್ಟಣ ಪುಡಿ ಕೊಟ್ಟಳು. ಆ ಪುಡಿ ಉದುರಿಸಿದರೆ ಎಲ್ಲವೂ ಗಟ್ಟಿಯಾಗಿ, ವಾಸನೆ ಅಡಗುತ್ತದಂತೆ. ಇಳಿಯುವಾಗ ತುಂಬಿದ್ದೋ ಖಾಲಿಯೋ, ಹನ್ನೆರಡೂ ಎಣಿಸಿ ತೋರಿಸದಿದ್ದರೆ ಗೇಟು ತೆಗೆಯುವುದಿಲ್ಲ.

"ತಂದಿದ್ದೆಲ್ಲ ವಾಪಸ್ ಹೋಗಬೇಕು ಸಾರ್. ಹೊಟ್ಟೆಯೊಳಗೆ ತಂದಿದ್ದೂ ಸೇರಿ."

ಗೇಟಿನ ಪಕ್ಕದ ತೊಟ್ಟಿ ದುರಸ್ತಿಯಲ್ಲಿದೆ, ಚೀಲಗಳನ್ನು ಊರಿಗೇ ಒಯ್ದು ಸರಿಯಾದ ಕಡೆ ಹಾಕಬೇಕು ಎಂದೂ ಹೇಳಿದಳು. ಸಾಹೇಬರು ಎದೆಯುಬ್ಬಿಸಿದರು. ತಮ್ಮ ಪ್ರಯೋಗಾಲಯದಲ್ಲಿ ಇಂಥದ್ದನ್ನೆಲ್ಲ ಸುಡಲೆಂದೇ ಕುಲುಮೆಯಿದೆ, ಸೋಮವಾರ ಸ್ವತಃ ತಾವೇ ನಿಂತು ಸುಡಿಸುವುದಾಗಿ ಘೋಷಿಸಿದರು. ಸಾಕ್ಷಿಗೆಂದು ಕಾರಿನ ಡಿಕ್ಕಿ ತೆಗೆದು, ಪ್ರಯೋಗಾಲಯದಿಂದ ತಂದಿದ್ದ ನೀಲಿ ಪೆಟ್ಟಿಗೆಯನ್ನೂ ತೋರಿಸಿದರು. ಗಾಳಿಯಾಡದ ಮುಚ್ಚಳ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಪ್ರಯೋಗಾಲಯದ ವಿಳಾಸ, ಕೆಳಗೆ "ತುರ್ತು. ತಡಮಾಡದೆ ತಲುಪಿಸಿ". ರಕ್ಷಕಿ ಪೆಟ್ಟಿಗೆಯನ್ನೂ ನೋಡಿದಳು, ಸಾಹೇಬರನ್ನೂ ನೋಡಿದಳು, ಆಮೇಲೆ ಗೇಟು ತೆಗೆದಳು.

ಗುಡ್ಡ ಹತ್ತಿದ ಮೇಲೆ ಸಾಹೇಬರು ಅಡುಗೆಗೆ ಕಲ್ಲು ಹೂಡಲಿಲ್ಲ, ಮಲಗುವ ಡೇರೆ ಕಟ್ಟಲಿಲ್ಲ. ಮೊದಲು ಎದ್ದದ್ದು "ವಿಸರ್ಜನಾ ಮಂಟಪ". ಬಿಳಿ ಬಟ್ಟೆಯ ಎತ್ತರದ ಪುಟ್ಟ ಡೇರೆ, ಒಳಗೆ ನಡುವೆ ತೂತಿರುವ ಮಡಚುವ ಸ್ಟೂಲು. ನೀರಿನ ಸೆಲೆಯಿಂದ ಇನ್ನೂರು ಹೆಜ್ಜೆ ದೂರವಿರಬೇಕು ಎಂಬ ನಿಯಮದ ಮೇಲೆ ಅರ್ಧ ಗಂಟೆ ಜಗಳವಾಯಿತು. ಸಾಹೇಬರ ಇನ್ನೂರು ಹೆಜ್ಜೆ ಒಂದು ಕಡೆ ಮುಗಿದರೆ, ಅತ್ತೆಯ ಇನ್ನೂರು ಅದರ ಅರ್ಧದಲ್ಲೇ ಮುಗಿಯಿತು, ಮಗಳು ಕುಪ್ಪಳಿಸಿಕೊಂಡು ಹೋಗಿ ಪಕ್ಕದ ಬಂಡೆಯನ್ನೇ ಸೇರಿಬಿಟ್ಟಳು. ಕೊನೆಗೆ ಹೆಂಡತಿ ತನ್ನ ಪಾರ್ಸಲ್ ದಾರದ ಉಂಡೆ ತೆಗೆದು ಅಳೆದು, ಒಂದು ಕಲ್ಲಿಟ್ಟು ವ್ಯಾಜ್ಯ ಮುಗಿಸಿದಳು.

ಸಂಜೆಯ ಚಹಾ ಆದಮೇಲೆ ಪ್ರಾತ್ಯಕ್ಷಿಕೆ. ಸಾಹೇಬರು ಬಟ್ಟೆಬರೆ ಸಮೇತ ಸ್ಟೂಲಿನ ಮೇಲೆ ಕೂತು, ಚೀಲ ಸಿಕ್ಕಿಸುವುದು, ಪುಡಿ ಉದುರಿಸುವುದು, ಬಾಯಿ ತಿರುಚಿ ಗಂಟು ಹಾಕುವುದು ಎಲ್ಲವನ್ನೂ ವಿವರಿಸಿದರು. ಒಳಗೆ ಯಾರಾದರೂ ಇದ್ದರೆ ಹೊರಗೆ ಕೆಂಪು ಟವೆಲ್ ನೇತುಹಾಕಬೇಕು. ಕಟ್ಟಿದ ಚೀಲಕ್ಕೆ ಲೇಬಲ್ ಅಂಟಿಸಬೇಕು. ಸುಡುವುದಕ್ಕೆ ಲೇಬಲ್ ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ, ಲೇಬಲ್ ಇಲ್ಲದ್ದು ನಮ್ಮಲ್ಲಿ ಬೂದಿಯಾಗಲೂ ಅರ್ಹವಲ್ಲ ಎಂದರು. ಲೇಬಲ್ಲುಗಳು ಪ್ರಯೋಗಾಲಯದವೇ. "ಹೆಸರು" ಎಂಬಲ್ಲಿ ಮನೆಯವರಿಗೆಂಥ ಹೆಸರು ಎಂದು "ಹೆಂಡತಿ", "ಮಗಳು", "ನಾನು" ಎಂದು ಬರೆದರು. "ಕುಟುಂಬದ ಮುಖ್ಯಸ್ಥರ ಫೋನ್ ಸಂಖ್ಯೆ" ಎಂಬ ಸಾಲಿನಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಸಾಹೇಬರು ಸುಳ್ಳು ಬರೆಯುವವರಲ್ಲ. ಅತ್ತೆಯ ಸಂಖ್ಯೆ ಬರೆದರು.

ಅದನ್ನು ನೋಡಿ ಅತ್ತೆ "ಹೂಂ" ಅಂದರು. ಈ ಸಲದ ಹೂಂ ಕೊನೆಯಲ್ಲಿ ಒಂದು ಕೂದಲೆಳೆಯಷ್ಟು ಮೇಲಕ್ಕೇರಿತೆಂದು ಸಾಹೇಬರಿಗೆ ಅನ್ನಿಸಿತು.

ಮರುದಿನ ಬೆಳಗಿನ ಉದ್ಘಾಟನೆಯೂ ಅವರದೇ. ಕೆಂಪು ಟವೆಲ್ ಏರಿತು. ಕಾರ್ಯಕ್ರಮ ನಿರ್ವಿಘ್ನವಾಗಿ ಅರ್ಧ ದಾರಿಗೆ ಬಂದಿದ್ದಾಗ, ಅವರು ಬಾಯ್ತುಂಬ ವರ್ಣಿಸಿದ್ದ ಆ ತಂಗಾಳಿ ಬಂತು. ಬಂಡೆಗೆ ಗೂಟ ಹೊಡೆಯಲಾಗದೆಂದು ಮಂಟಪದ ನಾಲ್ಕು ಮೂಲೆಗೆ ಬರೀ ಕಲ್ಲು ಹೇರಿದ್ದರು. ಮಂಟಪ ಒಮ್ಮೆ ಹೊಟ್ಟೆ ಉಬ್ಬಿಸಿತು, ಕಲ್ಲು ಕೊಡವಿಕೊಂಡಿತು, ಕೆಂಪು ಟವೆಲ್ ಸಮೇತ ಆಕಾಶಕ್ಕೆ ಹೊರಟೇಹೋಯಿತು. ಉಳಿದದ್ದು ಸ್ಟೂಲು, ಸಾಹೇಬರು ಮತ್ತು ವಿಶಾಲವಾದ ಸೂರ್ಯೋದಯ.

ಎದುರಿನ ಬಂಡೆಯ ಮೇಲೆ ಹಕ್ಕಿ ನೋಡಲು ಬಂದ ಏಳೆಂಟು ಜನ ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ದುರ್ಬೀನು. ಬಿಳಿಯದೇನೋ ಹಾರಿತೆಂದು ಎಲ್ಲ ದುರ್ಬೀನುಗಳೂ ಮೊದಲು ಮೇಲಕ್ಕೆ ಹೋದವು, ಆಮೇಲೆ ಅದು ಎಲ್ಲಿಂದ ಹಾರಿತೆಂದು ನಿಧಾನವಾಗಿ ಕೆಳಕ್ಕೆ ಬಂದವು. ಏಳುವಂತಿಲ್ಲ, ಓಡುವಂತಿಲ್ಲ, ನಿಯಮದ ಪ್ರಕಾರ ಅರ್ಧದಲ್ಲಿ ನಿಲ್ಲಿಸುವಂತೆಯೂ ಇಲ್ಲ. ಸಾಹೇಬರು ಮಾಡಬಹುದಾಗಿದ್ದ ಒಂದೇ ಒಂದು ಮರ್ಯಾದಸ್ಥ ಕೆಲಸ ಮಾಡಿದರು. ಲೇಬಲನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಬಗ್ಗಿಸಿ, ಗಂಭೀರವಾಗಿ ವೇಳೆ ಬರೆಯತೊಡಗಿದರು. ಆರು ಗಂಟೆ ನಲವತ್ತೆರಡು ನಿಮಿಷ. ಗುಂಪಿನಲ್ಲಿ ಒಬ್ಬರು ತಮ್ಮ ಪುಸ್ತಕದಲ್ಲೂ ಏನನ್ನೋ ಬರೆದುಕೊಂಡರು.

ಮಂಟಪ ಪುಣ್ಯಕ್ಕೆ ಒಂದು ಪೊದೆಗೆ ಸಿಕ್ಕಿಕೊಂಡಿತ್ತು. ಹೆಂಡತಿ ಈ ಸಲ ಪಾರ್ಸಲ್ ದಾರದಿಂದ ಬಂಡೆಗಳಿಗೇ ಬಿಗಿದು ಕಟ್ಟಿದಳು, ಅದು ಮತ್ತೆ ಅಲುಗಲಿಲ್ಲ. ಆಕೆಯೂ ಮಗಳೂ ನಕ್ಕು ನಕ್ಕು ಸುಸ್ತಾಗಿ, ತಮ್ಮ ತಮ್ಮ ಪಾಲಿನ ಕರ್ತವ್ಯವನ್ನು ಲೇಬಲ್ ಸಮೇತ ಮುಗಿಸಿ ಬಂದರು.

ಅತ್ತೆ ಮಾತ್ರ ಹೋಗಲಿಲ್ಲ. ತಮ್ಮ ದೇಹ ಶಿಸ್ತಿಗೆ ಒಗ್ಗಿದ್ದು, ಮನೆಯ ಹೊರಗೆ ಅದರ ಗಂಟೆ ಬಾರಿಸುವುದೇ ಇಲ್ಲ ಎಂದು ಹೇಳಿ ಬಂಡೆಯ ಮೇಲೆ ನೆಟ್ಟಗೆ ಕೂತರು. ಆ ದಿನವಿಡೀ ಎರಡು ಬಿಸ್ಕತ್ತು, ಅರ್ಧ ಲೋಟ ಚಹಾ. ಮಧ್ಯಾಹ್ನದ ಹೊತ್ತಿಗೆ ಎರಡಕ್ಷರಕ್ಕಿಂತ ಹೆಚ್ಚು ಮಾತಾಡುವುದನ್ನೂ ನಿಲ್ಲಿಸಿದರು. ಸಾಹೇಬರಿಗೆ ಎದೆಯೊಡೆಯಿತು. ಅವರ ಇಡೀ ಪರೀಕ್ಷೆ ನಿಂತಿರುವುದೇ ಈ ಒಬ್ಬರ ಮೇಲೆ. ಸಂಜೆ ತಡೆಯಲಾರದೆ, ಹೊಟ್ಟೆ ಉಜ್ಜಿಕೊಂಡರೆ ಅನುಕೂಲವಾದೀತು ಎಂದು ಸಲಹೆ ಕೊಡಲು ಹೋದರು. ಹೆಂಡತಿ ತೋಳು ಹಿಡಿದು ಎಳೆದೊಯ್ದಳು.

"ರೀ, ಅವರು ನನ್ನ ಅಮ್ಮ. ನಿಮ್ಮ ಪೇಷಂಟ್ ಅಲ್ಲ."

"ಚಿಂತೆ ಕಣೇ."

"ಅವರ ಹೊಟ್ಟೆ ಚಿಂತೆನೋ, ನಿಮ್ಮ ಮಾರ್ಕ್ಸ್ ಚಿಂತೆನೋ?"

ಸಾಹೇಬರು ಬಗ್ಗಿ ಮಂಟಪದ ದಾರ ಬಿಗಿಯಾಗಿದೆಯೇ ಎಂದು ನೋಡತೊಡಗಿದರು.

ಆದರೆ ಮರುದಿನ ಬೆಳಿಗ್ಗೆ ಎಲ್ಲರೂ ಏಳುವಷ್ಟರಲ್ಲಿ ಅತ್ತೆ ಬಂಡೆಯ ಮೇಲೆ ಅಡ್ಡಾಡುತ್ತಾ ಏನನ್ನೋ ಗುನುಗುತ್ತಿದ್ದರು. ನಾಲ್ಕು ಹೋಳು ಬ್ರೆಡ್ಡು ತಿಂದರು. ಗಾಳಿ ಚೆನ್ನಾಗಿದೆ ಎಂದರು. ಬರಿಗಣ್ಣಿಗೆ ಕಾಣದ್ದನ್ನೆಲ್ಲ ಕಾಣುವುದೇ ವೃತ್ತಿಯಾಗಿರುವ ಸಾಹೇಬರಿಗೆ ಇದರ ಅರ್ಥ ಮಾತ್ರ ಕಾಣಲಿಲ್ಲ. ಗುಡ್ಡದ ಗಾಳಿಯ ಮಹಿಮೆ ಎಂದುಕೊಂಡರು. ಸಾಮಾನು ಕಟ್ಟುವಾಗ ಅತ್ತೆ ಮಂಟಪದ ಕಡೆ ತಿರುಗಿ, ಅಳಿಯನನ್ನು ನೋಡಿ, "ಈ ನಿಮ್ಮ ವ್ಯವಸ್ಥೆ ಏನಿದೆಯಲ್ಲ..." ಎಂದು ಶುರುಮಾಡಿದರು. ಹನ್ನೊಂದು ವರ್ಷ ಕಾದ ಪದ ಅತ್ತೆಯ ತುಟಿಯ ತನಕ ಬಂದಿತ್ತು. ಅಷ್ಟರಲ್ಲಿ ಕೆಳಗಿನಿಂದ ರಕ್ಷಕಿಯ ಸೀಟಿ ಕೇಳಿಸಿತು, ಇಳಿಯುವ ಹೊತ್ತಾಗಿತ್ತು. "ಇರಲಿ, ಕೆಳಗೆ ಹೋಗಿ ಹೇಳ್ತೀನಿ" ಎಂದರು ಅತ್ತೆ.

ಗೇಟಿನಲ್ಲಿ ಎಣಿಕೆಯಾಯಿತು. ತುಂಬಿದ್ದು ಆರು, ಖಾಲಿ ಐದು. ಹನ್ನೊಂದು.

ರಕ್ಷಕಿ ಮತ್ತೊಮ್ಮೆ ಎಣಿಸಿದಳು. ಹೆಂಡತಿ ಅಂಚೆಯವರ ರೀತಿಯಲ್ಲಿ ಎರಡೆರಡಾಗಿ ಜೋಡಿಸಿ ಎಣಿಸಿದಳು. ಹನ್ನೊಂದೇ. ಹಿಂದೆ ಮೂರು ಗಾಡಿಗಳು ನಿಂತು ಹಾರ್ನ್ ಹೊಡೆಯತೊಡಗಿದವು. ಅದರಲ್ಲಿ ಒಂದು ಹಕ್ಕಿ ನೋಡುವವರದು. ಸಾಹೇಬರಿಗೆ ಅವಮಾನದಿಂದ ಕಿವಿ ಕೆಂಪಾಯಿತು. ಒಂದು ಚೀಲವನ್ನು ಸರಿಯಾಗಿ ವಾಪಸ್ ತರಲಾಗದವರು ಮನುಷ್ಯರೇ ಅಲ್ಲ, ಕೆಳಗಿನ ಮೂರು ಹಳ್ಳಿಯವರು ನಮ್ಮನ್ನು ಏನೆಂದುಕೊಂಡಾರು, ಯಾರು ಎಸೆದಿರೋ ಈಗಲೇ ಒಪ್ಪಿಕೊಳ್ಳಿ ಎಂದು ಎಲ್ಲ ಗಾಡಿಗಳಿಗೂ ಕೇಳುವಂತೆ ಭಾಷಣ ಮಾಡಿದರು. ಕಣ್ಣು ಮಗಳ ಮೇಲಿತ್ತು. ಮಗಳ ಕಣ್ಣಲ್ಲಿ ನೀರು ತುಂಬಿತು.

ಆಗ ಕಾರಿನ ಮುಂದಿನ ಬಾಗಿಲು ತೆರೆಯಿತು. ಅತ್ತೆ ಇಳಿದರು. ತಮ್ಮ ದೊಡ್ಡ ಕರಿ ಕೈಚೀಲದ ಬಾಯಿ ತೆಗೆದರು. ವೃತ್ತಪತ್ರಿಕೆಯಲ್ಲಿ ನಾಲ್ಕು ಪದರ ಸುತ್ತಿ, ಮೊಮ್ಮಗಳ ಜಡೆಯ ರಿಬ್ಬನ್ನಿನಿಂದ ಅಂದವಾಗಿ ಕಟ್ಟಿದ ಒಂದು ಪೊಟ್ಟಣವನ್ನು ಪೆಟ್ಟಿಗೆಯ ಮೇಲಿಟ್ಟರು.

"ಹನ್ನೆರಡು" ಎಂದರು.

ಹಾರ್ನ್‌ಗಳೂ ನಿಂತವು. ರಕ್ಷಕಿ ಕೂಡ ತಲೆ ಬಗ್ಗಿಸಿದಳು. ಬೇರೆ ಯಾವ ಅಳಿಯನೇ ಆಗಿದ್ದರೂ ಪೊಟ್ಟಣವನ್ನು ತಟ್ಟನೆ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚುತ್ತಿದ್ದ. ನಮ್ಮವರು ಜೇಬಿನಿಂದ ಪೆನ್ನು ತೆಗೆದರು.

"ಅಳಿಯಂದಿರೇ, ಬೇಡ" ಎಂದರು ಅತ್ತೆ, ತೀರ ಮೆಲ್ಲಗೆ.

"ಲೇಬಲ್ ಇಲ್ಲದೆ ಒಳಗೆ ತಗೊಳ್ಳೋ ಹಾಗಿಲ್ಲ ಅತ್ತೆ. ವೇಳೆ ಎಷ್ಟಾಗಿತ್ತು?"

ಅತ್ತೆ ಕೈಚೀಲದ ಬಾಯಿ ಮುಚ್ಚಿದರು. "ಐದು ಇಪ್ಪತ್ತು" ಎಂದು ಹೇಳಿ ಕಾರು ಹತ್ತಿದರು. ದಾರಿಯುದ್ದಕ್ಕೂ ಅವರಿಂದ "ಹೂಂ" ಕೂಡ ಬರಲಿಲ್ಲ. ಪೂರ್ತಿ ಮೂರು ತಾಸು ಸಾಹೇಬರು, ತಾನು ಮಾಡಿದ ತಪ್ಪಾದರೂ ಏನು ಎಂದು ಯೋಚಿಸುತ್ತಾ ಗಾಡಿ ಓಡಿಸಿದರು.

ಪೆಟ್ಟಿಗೆಯನ್ನು ಆ ರಾತ್ರಿ ಮನೆಯ ಹೊರಗೆ, ಬಾಗಿಲ ಪಕ್ಕದಲ್ಲಿ ಇಡಲಾಯಿತು. ಬೆಳಿಗ್ಗೆ ಸಾಹೇಬರು ಸ್ನಾನದ ಕೋಣೆಯಲ್ಲಿದ್ದಾಗ, ಮನೆಮನೆಯಿಂದ ಮಾದರಿ ಸಂಗ್ರಹಿಸುವ ಪ್ರಯೋಗಾಲಯದ ವ್ಯಾನು ಎಂದಿನಂತೆ ಆ ಬೀದಿಗೆ ಬಂತು. ಹೆಂಡತಿ ಬಾಗಿಲು ತೆರೆದಳು. ಎದುರಿಗೆ ಕಟ್ಟಿಟ್ಟ ಪೆಟ್ಟಿಗೆ. ಮೇಲೆ ವಿಳಾಸ. ಕೆಳಗೆ "ತುರ್ತು". ಆಚೆ ಅದೇ ವಿಳಾಸಕ್ಕೆ ಹೋಗುವ ಗಾಡಿ. ಇನ್ನು ಹೇಳುವುದೇನಿದೆ?

"ಪೆಟ್ಟಿಗೆ ಎಲ್ಲೇ?" ಎಂದರು ಸಾಹೇಬರು ತಲೆ ಒರೆಸಿಕೊಳ್ಳುತ್ತಾ ಬಂದು.

"ಕಳಿಸಿದೆ. ಹೆಂಗೂ ಅಲ್ಲಿಗೇ ಹೋಗಬೇಕಿತ್ತಲ್ಲ. ರಸೀದಿ ತಗೊಂಡಿದ್ದೀನಿ, ಮೇಜಿನ ಮೇಲಿದೆ ನೋಡಿ."

ಸಾಹೇಬರು ಪ್ರಯೋಗಾಲಯಕ್ಕೆ ಫೋನ್ ಹಚ್ಚಿದರು. ಯಾರೂ ಎತ್ತಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂತವರು ಫೋನ್ ಎತ್ತಕೂಡದೆಂಬುದು ಅವರದೇ ಆಜ್ಞೆ. ಕಿವಿಯಲ್ಲಿ ಸೋಪಿನ ನೊರೆ ಇದ್ದಂತೆಯೇ ಓಡಿದರು, ಸೋಮವಾರದ ಗಾಡಿಗಳ ಸಂದಣಿ ದಾಟಿ ತಲುಪುವಷ್ಟರಲ್ಲಿ ಒಂದು ತಾಸು ಕಳೆದಿತ್ತು.

ಅಲ್ಲಿ ಅವರ ಸಹೋದ್ಯೋಗಿ, ಎಲ್ಲರೂ ಸೂಕ್ಷ್ಮದರ್ಶಕದ ಮೇಡಂ ಎಂದು ಕರೆಯುವ ಕಟ್ಟುನಿಟ್ಟಿನ ಹೆಂಗಸು, ಆಗಲೇ ಕೈಗವಸು ಬಿಚ್ಚುತ್ತಿದ್ದರು.

"ಏಳಕ್ಕೆ ಏಳೂ ಮುಗೀತು ಸಾರ್. ಕೊಡೋರು ಒಂದು ಚಮಚ ಕೊಟ್ಟರೆ ಸಾಕಿತ್ತು, ಈ ಮನೆಯವರು ಭಾಳ ಧಾರಾಳಿಗಳು. ಯಾವುದೋ ಪುಡಿ ಬೇರೆ ಬಿದ್ದಿತ್ತು, ಅದು ತಾಗದ ಕಡೆಯಿಂದ ತಗೊಂಡೆ."

ಇದು ಏನು ಎತ್ತ ಎಂದು ಕೇಳಬಾರದಿತ್ತೇ ಎಂದು ಸಾಹೇಬರು ನರಳಿದರು. ಮೇಡಂ ಗೋಡೆಯ ಕಡೆ ಕೈ ತೋರಿಸಿದರು. "ಲೇಬಲ್ ಪೂರ್ತಿಯಿದ್ದರೆ ಪ್ರಶ್ನೆ ಬೇಡ" ಎಂಬ ಹಲಗೆ, ಸಾಹೇಬರ ಕೈಬರಹದ್ದೇ.

"ಅದಿರಲಿ ಸಾರ್, 'ನಾನು' ಅನ್ನೋ ಹೆಸರಿನವರು ಯಾರು? ಪಾಪ, ಹೊಟ್ಟೆ ತುಂಬ ಜಂತುಹುಳುವಿನ ಮೊಟ್ಟೆ. ರಸ್ತೆಬದಿ ಹೆಚ್ಚಿಟ್ಟ ಹಣ್ಣು ತಿನ್ನೋ ಚಾಳಿ ಇರಬೇಕು. ಸಲಹೆಯ ಜಾಗದಲ್ಲಿ ಬರೆದಿದ್ದೀನಿ."

ವರದಿ ಎಲ್ಲಿ ಎಂದು ಸಾಹೇಬರು ಕೇಳಿದರು. ವರದಿ ಮುಗಿದ ಕೂಡಲೇ ಕಂಪ್ಯೂಟರ್ ತಾನಾಗಿಯೇ ಕಳಿಸಿಬಿಡುತ್ತದೆ, ಕುಟುಂಬದ ಮುಖ್ಯಸ್ಥರ ಸಂಖ್ಯೆಗೆ.

ಸಾಹೇಬರು ಮನೆಗೆ ಬಂದಾಗ ಅತ್ತೆ ಊಟದ ಮೇಜಿನ ತುದಿಯಲ್ಲಿ ಕನ್ನಡಕ ಏರಿಸಿ, ಫೋನನ್ನು ಮಾರುದೂರ ಹಿಡಿದು ಕೂತಿದ್ದರು. ಹೆಂಡತಿ, ಮಗಳು ಎದುರಿಗೆ ಸಾಲಾಗಿ ನಿಂತಿದ್ದರು. ಪ್ರಗತಿಪತ್ರ ಓದುವ ಧ್ವನಿ ಅತ್ತೆಗೆ ಇಷ್ಟು ವರ್ಷದ ನಂತರವೂ ಮರೆತಿರಲಿಲ್ಲ.

"ಮಗಳು. ದೋಷವಿಲ್ಲ. ಹೆಂಡತಿ. ದೋಷವಿಲ್ಲ. ಅತ್ತೆ, ಅರವತ್ತೆಂಟು ವರ್ಷ. ಯಾವುದೇ ದೋಷ ಕಂಡುಬಂದಿಲ್ಲ." ಇದನ್ನು ಎರಡು ಸಲ ಓದಿದರು. ಇಳಿವಯಸ್ಸಿನಲ್ಲಿ ಹೀಗೊಂದು ನಿಷ್ಕಳಂಕ ಪ್ರಮಾಣಪತ್ರ ಸಿಕ್ಕೀತೆಂದು ಅವರು ಎಣಿಸಿರಲಿಲ್ಲ. (ಸಂಜೆಯೊಳಗೆ ಪಕ್ಕದ ಮೂರು ಮನೆಯವರಿಗೆ ತೋರಿಸಿ ಬಂದರು.) ಆಮೇಲೆ ಕನ್ನಡಕ ಸರಿಮಾಡಿಕೊಂಡರು. "ನಾನು, ನಲವತ್ನಾಲ್ಕು ವರ್ಷ. ಜಂತುಹುಳುವಿನ ಮೊಟ್ಟೆಗಳು, ಹೇರಳ. ಸಲಹೆ: ಬೀದಿಬದಿ ಹೆಚ್ಚಿಟ್ಟ ಹಣ್ಣು ತಿನ್ನುವುದನ್ನು ನಿಲ್ಲಿಸತಕ್ಕದ್ದು."

ಮಗಳು ಅಪ್ಪನ ಕಡೆ ನಿಧಾನವಾಗಿ ತಿರುಗಿದಳು.

"ಯಾವ ಹಣ್ಣಪ್ಪಾ?"

ಸಾಹೇಬರು ತಲೆ ತಗ್ಗಿಸಿ, "ಅನಾನಸ್" ಎಂದರು.

ಅವರಿಂದಾಗಿ ನಾಲ್ವರೂ ಮಾತ್ರೆ ನುಂಗಬೇಕಾಯಿತು. ಅಂದಿನಿಂದ ಊಟಕ್ಕೆ ಮೊದಲು ಮಗಳು ಅಪ್ಪನ ಪಕ್ಕ ನಿಂತು ಇಪ್ಪತ್ತರವರೆಗೆ ತಾನೇ ಎಣಿಸಿದಳು, ಅನುಮಾನ ಬಂದರೆ ಮತ್ತೆ ಒಂದರಿಂದ. ತಟ್ಟೆ, ಲೋಟ, ಟವೆಲ್ಲುಗಳ ಮೇಲೆಲ್ಲ ಅವಳ ಗುಂಡು ಅಕ್ಷರದಲ್ಲಿ "ನಾನು" ಎಂಬ ಲೇಬಲ್ ಬಿತ್ತು. ಸಂಜೆ ನಾಲ್ಕಕ್ಕೆ ಹೆಂಡತಿ ಅಂಚೆ ಕಚೇರಿಯಿಂದ ತಪ್ಪದೆ ಫೋನ್ ಮಾಡಿ, ಎಲ್ಲಿದ್ದೀರಿ ಎಂದು ವಿಚಾರಿಸಿದಳು.

ಎರಡು ವಾರವಾದ ಮೇಲೆ ಮರುಪರೀಕ್ಷೆ. ಹೆಂಡತಿ ಪುಟ್ಟ ಡಬ್ಬಿಗೆ ದಾರ ಸುತ್ತಿ, ವ್ಯಾನಿಗೆ ಕೊಟ್ಟು, ರಸೀದಿ ತೆಗೆದುಕೊಂಡಳು. ಮಧ್ಯಾಹ್ನದ ಊಟದ ಹೊತ್ತಿಗೆ ಅತ್ತೆಯ ಫೋನ್ ಟಣ್ ಎಂದಿತು. ಅತ್ತೆ ಕೈ ಒರೆಸಿ, ಕನ್ನಡಕ ಹಾಕಿ, ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಓದಿದರು. ಸಾಹೇಬರು ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು. ಅತ್ತೆ ಕನ್ನಡಕದ ಮೇಲಿನಿಂದ ಅಳಿಯನನ್ನು ನೋಡಿದರು.

"ಪರವಾಗಿಲ್ಲ."

ಸಾಹೇಬರ ಕಣ್ಣು ತುಂಬಿಬಂತು. ಊಟ ಅರ್ಧಕ್ಕೆ ಬಿಟ್ಟು ಎದ್ದು, ಒಂದು ಲೇಬಲ್ ತೆಗೆದು, "ಪರವಾಗಿಲ್ಲ, ಅತ್ತೆ" ಎಂದು ದಿನಾಂಕ, ವೇಳೆ ಸಮೇತ ಬರೆದು ಅಲಮಾರಿನ ಒಳಬಾಗಿಲಿಗೆ ಅಂಟಿಸಿದರು. ಅದು ಈಗಲೂ ಅಲ್ಲೇ ಇದೆ. ಬಂದವರಿಗೆಲ್ಲ ತೋರಿಸುತ್ತಾರೆ. ಅತ್ತೆ ಮೆಚ್ಚಿದ್ದು ಏನನ್ನು ಎಂದು ಯಾರಾದರೂ ಕೇಳಿದರೆ ಮಾತ್ರ, ಚಹಾ ಕುಡಿಯುತ್ತೀರಾ ಎಂದು ಒಳಗೆ ಹೋಗುತ್ತಾರೆ.